ಗೀಸರ್‌ನ ಉಷ್ಣತಾ ನಿಯಂತ್ರಕದ ಸಮರ್ಪಕ ಬಳಕೆ ಮತ್ತು ಗೃಹ ವಿದ್ಯುತ್ ಬಿಲ್ಲು: ಉಗಾರ ಖುರ್ದ ಹಾಗೂ ಸುತ್ತಲಿನ ಗ್ರಾಹಕರ ಮಾಹಿತಿಗಾಗಿ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಉಗಾರ ಖುರ್ದ ಪಟ್ಟಣವು ಕೃಷ್ಣಾ ನದಿಯ ದಂಡೆಯ ಮೇಲಿದೆ. ಇಲ್ಲಿ ಕಬ್ಬು ಅರೆಯುವ ಹಂಗಾಮು ಮತ್ತು ಚಳಿಗಾಲ ಬಹುಮಟ್ಟಿಗೆ ಒಟ್ಟಿಗೆ ಬರುತ್ತವೆ. ಹಿಂದೆ ಈ ಭಾಗದ ಮನೆಗಳಲ್ಲಿ ಸ್ನಾನದ ನೀರನ್ನು ತಾಮ್ರದ ಹಂಡೆಯಲ್ಲಿ ಅಥವಾ ಬಂಬಿನಲ್ಲಿ, ಕಬ್ಬಿನ ರವದಿ, ತೊಗರಿಕಟ್ಟಿಗೆ, ಕುಳ್ಳುಗಳನ್ನು ಉರಿಸಿ ಕಾಯಿಸಲಾಗುತ್ತಿತ್ತು. ಅದಕ್ಕೆ ಮಾಪಕವೂ ಇರಲಿಲ್ಲ, ಬಿಲ್ಲೂ ಇರಲಿಲ್ಲ. ಈಗ ಅದೇ ಕೆಲಸವನ್ನು ಬಹಳಷ್ಟು ಮನೆಗಳಲ್ಲಿ ವಿದ್ಯುತ್ ಗೀಸರ್ ಮಾಡುತ್ತದೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬಿಲ್ಲು ಏರಿದಾಗ ಗ್ರಾಹಕರಿಗೆ ಮೊದಲು ಸಂದೇಹ ಬರುವುದು ಮಾಪಕದ ಮೇಲೆ. ಆದರೆ ಮಾಪಕ ಪರೀಕ್ಷೆಗೆ ಅರ್ಜಿ ಸಲ್ಲಿಸುವ ಮುನ್ನ ಸ್ನಾನದ ಮನೆಯ ಗೋಡೆಯ ಮೇಲಿರುವ ಗೀಸರನ್ನು ಒಮ್ಮೆ ನೋಡುವುದು ಸೂಕ್ತ. ಅದರ ಬಳಕೆಯ ಬಗ್ಗೆ ಈ ಕೆಳಗೆ ವಿವರಿಸಲಾಗಿದೆ.

200 ಯೂನಿಟ್‌ಗಳ ಗಡಿ

ರಾಜ್ಯ ಸರ್ಕಾರದ ಗೃಹ ಜ್ಯೋತಿ ಯೋಜನೆಯು 2023ರ ಜುಲೈ ತಿಂಗಳ ಬಳಕೆಯಿಂದ ಅನ್ವಯವಾಯಿತು. ನೋಂದಾಯಿತ ಗೃಹಬಳಕೆ ಗ್ರಾಹಕರು 2022-23ನೇ ಆರ್ಥಿಕ ವರ್ಷದಲ್ಲಿ ಬಳಸಿದ ಮಾಸಿಕ ಸರಾಸರಿ ಯೂನಿಟ್‌ಗಳಿಗೆ ಶೇ. 10ರಷ್ಟನ್ನು ಸೇರಿಸಿ ಅವರ ಅರ್ಹ ಪ್ರಮಾಣವನ್ನು ನಿಗದಿಪಡಿಸಲಾಯಿತು. ಕಡಿಮೆ ಸರಾಸರಿ ಇರುವ, ಅಂದರೆ 48 ಯೂನಿಟ್‌ವರೆಗಿನ ಗ್ರಾಹಕರಿಗೆ ಶೇ. 10ರ ಬದಲು 10 ಯೂನಿಟ್ ಸೇರಿಸಲು 2024ರ ಜನವರಿಯಲ್ಲಿ ಸಚಿವ ಸಂಪುಟ ತೀರ್ಮಾನಿಸಿತು.

ಅರ್ಹ ಪ್ರಮಾಣದೊಳಗೆ ಬಳಸಿದವರ ಬಿಲ್ಲು ಶೂನ್ಯವಾಗಿರುತ್ತದೆ. ಅರ್ಹ ಪ್ರಮಾಣವನ್ನು ಮೀರಿ, ಆದರೆ 200 ಯೂನಿಟ್‌ಗಳೊಳಗೆ ಬಳಸಿದವರು ಹೆಚ್ಚಿನ ಯೂನಿಟ್‌ಗಳಿಗೆ ಮಾತ್ರ ಹಣ ಪಾವತಿಸತಕ್ಕದ್ದು. ಬಳಕೆ 200 ಯೂನಿಟ್‌ಗಳನ್ನು ಮೀರಿದ ತಿಂಗಳಿನಲ್ಲಿ ಮಾತ್ರ ಇಡೀ ಬಿಲ್ಲನ್ನು ಗ್ರಾಹಕರೇ ಪಾವತಿಸತಕ್ಕದ್ದು. ಅನೇಕ ಗ್ರಾಹಕರು ಮೊದಲಿನ ಎರಡು ನಿಯಮಗಳನ್ನು ಬಲ್ಲರು. ಮೂರನೆಯದು ಬಿಲ್ಲು ಕೈಗೆ ಬಂದ ನಂತರವೇ ತಿಳಿಯುತ್ತದೆ. 199 ಮತ್ತು 201 ಯೂನಿಟ್‌ಗಳ ನಡುವೆ ವಿದ್ಯುತ್ತಿನ ಲೆಕ್ಕದಲ್ಲಿ ಇರುವ ಅಂತರ ಎರಡೇ ಯೂನಿಟ್. ಹಣದ ಲೆಕ್ಕದಲ್ಲಿ ಅದು ಒಂದು ಸಾವಿರ ರೂಪಾಯಿಯನ್ನು ಮೀರಬಹುದು. ಆದುದರಿಂದ ಬೇಸಿಗೆಯಲ್ಲಿ ನಿಶ್ಚಿಂತೆಯಿಂದ ಗಡಿಯೊಳಗಿರುವ ಕುಟುಂಬವೂ ಚಳಿಗಾಲದಲ್ಲಿ ಗೀಸರ್‌ನ ದೆಸೆಯಿಂದ ಗಡಿ ದಾಟುವ ಸಂಭವವಿದೆ.

ಮಿರಜ, ಸಾಂಗಲಿಯಲ್ಲಿರುವ ಬಂಧುಗಳ ಬಿಲ್ಲಿನೊಂದಿಗೆ ಇಲ್ಲಿಯ ಬಿಲ್ಲನ್ನು ಹೋಲಿಸಿ ನೋಡುವ ರೂಢಿ ಗಡಿಭಾಗದಲ್ಲಿದೆ. ಮಹಾರಾಷ್ಟ್ರದ ದರ ಪದ್ಧತಿಯು ಹಂತ ಹಂತವಾಗಿ ಏರುವಂತಹದ್ದು. ಗೃಹ ಜ್ಯೋತಿ ಅಲ್ಲಿಗೆ ಅನ್ವಯಿಸುವುದಿಲ್ಲ. ಹೋಲಿಕೆಯಿಂದ ಪ್ರಯೋಜನವಿಲ್ಲ.

ಉಷ್ಣತಾ ನಿಯಂತ್ರಕ ಮಾಡುವ ಕೆಲಸ

ನೀರು ಸಂಗ್ರಹಿಸುವ ಗೀಸರ್‌ನಲ್ಲಿ ಮೂರು ಮುಖ್ಯ ಭಾಗಗಳಿವೆ: ನೀರಿನ ತೊಟ್ಟಿ, ಅದರೊಳಗಿನ ಕಾಯಿಸುವ ಸುರುಳಿ, ಮತ್ತು ಥರ್ಮೋಸ್ಟಾಟ್ ಎಂದು ಕರೆಯಲಾಗುವ ಉಷ್ಣತಾ ನಿಯಂತ್ರಕ. ನೀರು ನಿಗದಿತ ಉಷ್ಣತೆಯನ್ನು ತಲುಪಿದಾಗ ನಿಯಂತ್ರಕವು ಸುರುಳಿಗೆ ಹೋಗುವ ವಿದ್ಯುತ್ತನ್ನು ಕಡಿದುಹಾಕುತ್ತದೆ. ನೀರು ಕೆಲವು ಡಿಗ್ರಿ ತಣಿದಾಗ ತಾನಾಗಿ ಮತ್ತೆ ಜೋಡಿಸುತ್ತದೆ. ಅದರ ಕೆಲಸ ಇಷ್ಟೇ.

ಇದರಿಂದ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸಿಕೊಳ್ಳಬಹುದು. ಮೊದಲನೆಯದಾಗಿ, ಗುಂಡಿಯನ್ನು ಗರಿಷ್ಠ ಗುರುತಿಗೆ ತಿರುಗಿಸಿದರೆ ನೀರು ಬೇಗ ಕಾಯುವುದಿಲ್ಲ. 2 ಕಿಲೋವ್ಯಾಟ್ ಸುರುಳಿಯು ಗುಂಡಿ ಎಲ್ಲಿಯೇ ಇರಲಿ, ಅದೇ ವೇಗದಲ್ಲಿ ಕಾಯಿಸುತ್ತದೆ. ಗುಂಡಿಯು ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿಸುತ್ತದೆಯೇ ಹೊರತು ಎಷ್ಟು ಬೇಗ ಎಂಬುದನ್ನಲ್ಲ. ಎರಡನೆಯದಾಗಿ, ಕೆಂಪು ದೀಪ ಆರಿದ ಮಾತ್ರಕ್ಕೆ ಗೀಸರ್ ಬಂದ್ ಆಯಿತೆಂದು ಅರ್ಥವಲ್ಲ. ಗೋಡೆಯ ಸ್ವಿಚ್ಚು ಚಾಲೂ ಇರುವವರೆಗೆ, ಯಾರೂ ಸ್ನಾನ ಮಾಡದಿದ್ದರೂ, ತೊಟ್ಟಿಯ ನೀರು ತಣಿದಾಗಲೆಲ್ಲ ಅದು ಮತ್ತೆ ಕಾಯಿಸುತ್ತಲೇ ಇರುತ್ತದೆ. ಮನೆಮಂದಿ ಮಲಗಿರುವಾಗಲೂ, ಊರಿಗೆ ಹೋಗಿರುವಾಗಲೂ ಅದೇ ಸ್ಥಿತಿ.

ಇಂಗ್ಲೆಂಡ್ ಮೊದಲಾದ ಶೀತ ದೇಶಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಇಡೀ ಮನೆಯನ್ನೇ ಬಿಸಿನೀರಿನ ಕೊಳವೆಗಳಿಂದ ಬೆಚ್ಚಗಿಡುವ ವ್ಯವಸ್ಥೆಯನ್ನು ಬಳಸುತ್ತವೆ. ಅಲ್ಲಿ ಗೋಡೆಯ ಮೇಲೆ ಕೋಣೆಯ ಉಷ್ಣತಾ ನಿಯಂತ್ರಕ, ವೇಳೆ ನಿಗದಿಪಡಿಸುವ ಸಾಧನ ಹಾಗೂ ಪ್ರತಿ ಕೋಣೆಯ ಶಾಖ ಫಲಕಕ್ಕೆ ಪ್ರತ್ಯೇಕ ಕವಾಟ ಇರುತ್ತವೆ. ಯಾವ ವೇಳೆಯಲ್ಲಿ, ಎಷ್ಟು ಉಷ್ಣತೆಯವರೆಗೆ, ಯಾವ ಕೋಣೆಯಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಆ ಮೂರು ಸಾಧನಗಳು ಉತ್ತರಿಸುತ್ತವೆ. ಗುಂಡಿ ಹೆಚ್ಚಿಸಿದರೆ ಮನೆ ಬೇಗ ಬೆಚ್ಚಗಾಗುತ್ತದೆಂಬ ತಪ್ಪು ಕಲ್ಪನೆ ಅಲ್ಲಿಯೂ ಸಾಮಾನ್ಯವೇ. ಉಗಾರದ ಮನೆಯಲ್ಲಿ ಕೋಣೆ ಬೆಚ್ಚಗಿಡುವ ಪ್ರಶ್ನೆ ಇಲ್ಲ. ಆದರೆ ವೇಳೆ ಮತ್ತು ಉಷ್ಣತೆ ಎಂಬ ಎರಡು ಪ್ರಶ್ನೆಗಳು ಗೀಸರ್‌ಗೂ ಯಥಾವತ್ತಾಗಿ ಅನ್ವಯಿಸುತ್ತವೆ. ಇವುಗಳಲ್ಲಿ ವೇಳೆಯೇ ಮುಖ್ಯ. ಉಷ್ಣತೆ ಅದರ ನಂತರದ್ದು.

ಲೆಕ್ಕ

ಒಂದು ಯೂನಿಟ್ ವಿದ್ಯುತ್ತು 860 ಲೀಟರ್ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಬಲ್ಲದು. ಇದೊಂದನ್ನು ನೆನಪಿಟ್ಟರೆ ಉಳಿದ ಲೆಕ್ಕವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಚಳಿಗಾಲದ ಮುಂಜಾನೆ ಮಾಳಿಗೆಯ ತೊಟ್ಟಿಯ ನೀರು 20 ಡಿಗ್ರಿ ಇದೆ ಎಂದು ಭಾವಿಸೋಣ. ಸ್ನಾನಕ್ಕೆ 40 ಡಿಗ್ರಿಯ 20 ಲೀಟರ್ ನೀರು, ಅಂದರೆ ಒಂದು ದೊಡ್ಡ ಬಕೆಟ್ ಸಾಕು. 20 ಲೀಟರನ್ನು 20 ಡಿಗ್ರಿ ಏರಿಸಲು ಸುಮಾರು 0.47 ಯೂನಿಟ್ ಬೇಕು. ಐದು ಜನರ ಕುಟುಂಬಕ್ಕೆ ದಿನಕ್ಕೆ ಸುಮಾರು 2.3 ಯೂನಿಟ್, ತಿಂಗಳಿಗೆ 70 ಯೂನಿಟ್. ಇದು ಅವಶ್ಯಕ ಬಳಕೆ. ಯಾವ ಗೀಸರ್ ಕೊಂಡರೂ, ಗುಂಡಿಯನ್ನು ಹೇಗೆ ತಿರುಗಿಸಿದರೂ, ನೀರನ್ನು ಕಡಿಮೆ ಬಳಸದ ಹೊರತು ಇದು ಕಡಿಮೆಯಾಗುವುದಿಲ್ಲ.

ಕಡಿಮೆ ಮಾಡಬಹುದಾದದ್ದು ನಿಂತ ನೀರಿನ ಶಾಖ ನಷ್ಟ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಚೀಟಿಯಲ್ಲಿ, ನೀರು ಸುತ್ತಲಿನ ಗಾಳಿಗಿಂತ 45 ಡಿಗ್ರಿ ಹೆಚ್ಚು ಬಿಸಿ ಇರುವಾಗ 24 ಗಂಟೆಗಳಲ್ಲಿ ಎಷ್ಟು ಯೂನಿಟ್ ಶಾಖ ಸೋರಿಹೋಗುತ್ತದೆ ಎಂಬುದನ್ನು ಮುದ್ರಿಸಲಾಗಿರುತ್ತದೆ. ಕೊಳ್ಳುವಾಗ ಅಂಗಡಿಯವರು ತೋರಿಸುವುದು ನಕ್ಷತ್ರಗಳನ್ನು. ಗ್ರಾಹಕರು ಓದಬೇಕಾದದ್ದು ಈ ಅಂಕಿಯನ್ನು.

ಉದಾಹರಣೆಗೆ, 25 ಲೀಟರ್ ಗೀಸರ್ ಒಂದರ ಈ ಅಂಕಿ 0.8 ಎಂದಿರಲಿ. ನಿಯಂತ್ರಕವನ್ನು 65 ಡಿಗ್ರಿಗೆ ಇಟ್ಟು ಸ್ವಿಚ್ಚನ್ನು ಹಗಲು ರಾತ್ರಿ ಚಾಲೂ ಬಿಟ್ಟರೆ, 20 ಡಿಗ್ರಿಯ ಸ್ನಾನದ ಮನೆಯಲ್ಲಿ ತಿಂಗಳಿಗೆ 24 ಯೂನಿಟ್ ಕೇವಲ ಗೋಡೆಯನ್ನು ಬೆಚ್ಚಗಿಡಲು ಖರ್ಚಾಗುತ್ತದೆ. ಅದೇ ಮನೆಯ ದೀಪ, ಫ್ಯಾನು, ಫ್ರಿಜ್, ಟಿ.ವಿ., ಮಿಕ್ಸರ್, ನೀರಿನ ಪಂಪುಗಳ ಬಳಕೆ 110 ಯೂನಿಟ್ ಇದ್ದು, ಸ್ನಾನದ 70 ಸೇರಿದರೆ 180. ಶಾಖ ನಷ್ಟದ 24 ಸೇರಿದಾಗ 204. ಗಡಿ ದಾಟಿತು.

ಈ ಕುಟುಂಬದ ಸರಾಸರಿ 150 ಯೂನಿಟ್ ಎಂದಾದರೆ ಅರ್ಹ ಪ್ರಮಾಣ 165. ಲೆಕ್ಕದ ಅನುಕೂಲಕ್ಕೆ ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಂಡರೆ, 204 ಯೂನಿಟ್‌ಗಳಿಗೆ 1,224 ರೂಪಾಯಿ. ಅದರ ಮೇಲೆ ನಿಗದಿತ ಶುಲ್ಕ ಹಾಗೂ ತೆರಿಗೆ. ಗೀಸರನ್ನು ಬೆಳಗಿನ ಸ್ನಾನದ ವೇಳೆಗೆ ಮಾತ್ರ ಚಾಲೂ ಮಾಡಿ ಶಾಖ ನಷ್ಟವನ್ನು ತಿಂಗಳಿಗೆ 6 ಯೂನಿಟ್‌ಗಳಿಗೆ ಇಳಿಸಿದರೆ ಒಟ್ಟು ಬಳಕೆ 186. ಆಗ ಪಾವತಿಸಬೇಕಾದದ್ದು 21 ಯೂನಿಟ್‌ಗಳಿಗೆ 126 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಸ್ನಾನದ ನೀರಿನಲ್ಲಿ ಒಂದು ಚೊಂಬೂ ಕಡಿಮೆಯಾಗಿಲ್ಲ. ನಿಜವಾದ ದರ ಪ್ರತಿ ಬಿಲ್ಲಿನ ಮೇಲೆ ಮುದ್ರಿತವಾಗಿರುತ್ತದೆ. ತಮ್ಮ ಮನೆಯ ಲೆಕ್ಕಕ್ಕೆ ಗ್ರಾಹಕರು ಅದನ್ನೇ ಬಳಸತಕ್ಕದ್ದು.

ವೇಳೆಯ ನಿಯಂತ್ರಣ

25 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು 2 ಕಿಲೋವ್ಯಾಟ್ ಗೀಸರ್‌ಗೆ ಸುಮಾರು 35 ನಿಮಿಷ ಬೇಕು. 15 ಲೀಟರಿಗೆ 21 ನಿಮಿಷ. ಆದುದರಿಂದ ಮೊದಲ ಸ್ನಾನಕ್ಕಿಂತ ಅರ್ಧ ಗಂಟೆ ಮೊದಲು ಸ್ವಿಚ್ಚು ಹಾಕಿದರೆ ಸಾಕಾಗುತ್ತದೆ. ರಾತ್ರಿ ಮಲಗುವಾಗಲೇ ಹಾಕಿಡುವ ಅವಶ್ಯಕತೆ ಇಲ್ಲ.

60 ಡಿಗ್ರಿಯ 25 ಲೀಟರ್ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ 50 ಲೀಟರ್ ಆಗುತ್ತದೆ, ಅಂದರೆ ಎರಡೂವರೆ ಬಕೆಟ್. ಇದರಿಂದ ಒಂದು ಉಪಾಯ ತಾನಾಗಿ ಹೊರಡುತ್ತದೆ: ಸ್ನಾನ ಮಾಡಬೇಕಾದವರು ಇಬ್ಬರೇ ಉಳಿದಿರುವಾಗ, ಕೆಂಪು ದೀಪ ಆರಿದ ಕೂಡಲೇ ಸ್ವಿಚ್ಚನ್ನು ತೆಗೆಯಬೇಕು. ತೊಟ್ಟಿಯಲ್ಲಿರುವ ಬಿಸಿ ನೀರೇ ಅವರಿಬ್ಬರಿಗೆ ಸಾಕಾಗುತ್ತದೆ. ಕೊನೆಯವರ ಸ್ನಾನ ಮುಗಿಯುವ ಹೊತ್ತಿಗೆ ತೊಟ್ಟಿಯಲ್ಲಿ ಬಹುಪಾಲು ತಣ್ಣೀರೇ ಇರುತ್ತದೆ; ತಣ್ಣೀರಿಗೆ ಶಾಖ ನಷ್ಟವಿಲ್ಲ. ಸಾಮಾನ್ಯವಾಗಿ ಇದರ ವಿರುದ್ಧವಾಗಿ ನಡೆಯುತ್ತದೆ. ಕೊನೆಯವರು ಸ್ನಾನ ಮುಗಿಸಿ ಹೊರಬಂದು, ತಿಂಡಿ ತಿಂದು, ಕೆಲಸಕ್ಕೆ ಹೊರಡುವಾಗ ಯಾರಿಗೋ ಸ್ವಿಚ್ಚಿನ ನೆನಪಾಗುತ್ತದೆ. ಅಷ್ಟರಲ್ಲಿ ಗೀಸರ್ ಇನ್ನೊಂದು ತೊಟ್ಟಿ ನೀರನ್ನು ಕಾಯಿಸಿ ಇಟ್ಟಿರುತ್ತದೆ. ಹೀಗೆ ಖರ್ಚಾದ ಸುಮಾರು 1.2 ಯೂನಿಟ್‌ನಲ್ಲಿ ಒಂದು ಭಾಗ ಸಂಜೆಯವರೆಗೆ ಮೆಲ್ಲಗೆ ಸೋರುತ್ತದೆ.

ಉಗಾರ ಖುರ್ದದಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಪಾಳಿಯ ಕೆಲಸ. ಇಲ್ಲಿಯ ಉಗಾರ ಶುಗರ್ ವರ್ಕ್ಸ್ 1939ರಿಂದ ಇರುವ ಕಾರ್ಖಾನೆ. ಹಂಗಾಮಿನಲ್ಲಿ ಇಂತಹ ಕಾರ್ಖಾನೆಗಳು ಹಗಲು ರಾತ್ರಿ ನಡೆಯುವುದರಿಂದ, ಪಾಳಿಯಲ್ಲಿ ದುಡಿಯುವವರ ಮನೆಗಳಲ್ಲಿ ಸ್ನಾನದ ವೇಳೆಗಳು ಚದುರಿಹೋಗುತ್ತವೆ. ಒಬ್ಬರು ನಸುಕಿನ 5 ಗಂಟೆಗೆ, ಮಕ್ಕಳು ಏಳೂವರೆಗೆ, ಹಿರಿಯರು ಬಿಸಿಲೇರಿದ ಮೇಲೆ, ರಾತ್ರಿ ಪಾಳಿ ಮುಗಿಸಿದವರು ಮತ್ತೊಂದು ವೇಳೆಗೆ. ಹೀಗಾಗಿ "ಇರಲಿ ಬಿಡು" ಎಂದು ಸ್ವಿಚ್ಚು ಹಾಕಿಯೇ ಬಿಡುವ ಮನೆಗಳುಂಟು. ಅಂತಹ ಮನೆಗಳಿಗೆ ತಿಳಿದಿರಬೇಕಾದ ಸಂಗತಿ ಎಂದರೆ, ಮೇಲೆ ಹೇಳಿದ 25 ಲೀಟರ್ ಗೀಸರ್‌ನಲ್ಲಿ ಕಾದ ನೀರು ಸ್ವಿಚ್ಚು ತೆಗೆದ ನಂತರ ಗಂಟೆಗೆ ಸುಮಾರು 1 ಡಿಗ್ರಿಯಷ್ಟೇ ತಣಿಯುತ್ತದೆ. 5 ಗಂಟೆಗೆ ಸ್ನಾನವಾದ ಮೇಲೆ ತೊಟ್ಟಿ ಮತ್ತೆ ಕಾದು ದೀಪ ಆರಿದಾಗ ಸ್ವಿಚ್ಚು ತೆಗೆದರೆ, ಏಳೂವರೆಗೆ ನೀರು ಇನ್ನೂ ಚೆನ್ನಾಗಿ ಬಿಸಿಯಾಗಿಯೇ ಇರುತ್ತದೆ. ನಡುವಿನ ಎರಡು ಗಂಟೆ ಸ್ವಿಚ್ಚನ್ನು ಕಾವಲಿಗೆ ಇಡುವ ಅಗತ್ಯವಿಲ್ಲ.

ಪದೇ ಪದೇ ತೆಗೆದು ಹಾಕಿದರೆ ಹೆಚ್ಚು ವಿದ್ಯುತ್ತು ಎಳೆಯುತ್ತದೆ ಎಂಬ ಮಾತು ಜನರಲ್ಲಿ ಪ್ರಚಲಿತವಿದೆ. ಇದು ನಿಜವಲ್ಲ. ತಣಿದ ನೀರನ್ನು ಮತ್ತೆ ಕಾಯಿಸಲು ಬೇಕಾಗುವುದು ಸೋರಿಹೋದ ಶಾಖದಷ್ಟೇ. ತಣಿದ ತೊಟ್ಟಿಯಿಂದ ಶಾಖ ಸೋರುವ ವೇಗವೂ ಕಡಿಮೆ. ಸ್ವಿಚ್ಚು ತೆಗೆದಿಟ್ಟ ಪ್ರತಿ ಗಂಟೆಯೂ ಉಳಿತಾಯವೇ.

ಮರೆವಿನ ತೊಂದರೆ ಇರುವವರು ಗೀಸರ್‌ನ ವಿದ್ಯುತ್ ಪ್ರಮಾಣಕ್ಕೆ ತಕ್ಕ, 16 ಆಂಪಿಯರ್ ಸಾಮರ್ಥ್ಯದ ಟೈಮರ್ ಸ್ವಿಚ್ಚನ್ನು ಅನುಮತಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅಳವಡಿಸಿಕೊಳ್ಳಬಹುದು. ಸೊಳ್ಳೆ ಬತ್ತಿಯ ಯಂತ್ರಕ್ಕೆ ಬಳಸುವ ಸಣ್ಣ ಟೈಮರನ್ನು ಗೀಸರ್‌ಗೆ ಜೋಡಿಸತಕ್ಕದ್ದಲ್ಲ. ಅದು ಕಾದು ಕರಗುತ್ತದೆ.

ಉಷ್ಣತೆಯ ನಿಯಂತ್ರಣ

ಗುಂಡಿಯನ್ನು 65ರಿಂದ 50 ಡಿಗ್ರಿಗೆ ಇಳಿಸಿದರೆ ಶಾಖ ನಷ್ಟವು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಅಲ್ಲದೆ ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಸುರುಳಿಯ ಮೇಲೆ ಬಿಳಿ ಸುಣ್ಣದ ಪದರ ಕಟ್ಟುವುದೂ ನಿಧಾನವಾಗುತ್ತದೆ. ಆದರೆ ಇದಕ್ಕೆ ಮಿತಿ ಇದೆ. 50 ಡಿಗ್ರಿಯ 25 ಲೀಟರ್ ತೊಟ್ಟಿಯಿಂದ ಎರಡು ಬಕೆಟ್ ಸ್ನಾನದ ನೀರು ಸಹ ಪೂರ್ತಿ ದೊರೆಯುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡುವ ದೊಡ್ಡ ಕುಟುಂಬಕ್ಕೆ 60 ಡಿಗ್ರಿಯೇ ಅನುಕೂಲ. ಇಬ್ಬರು ಮೂವರಿರುವ ಮನೆಗೆ 50ರಿಂದ 55 ಡಿಗ್ರಿ ಸಾಕು.

ನೀರನ್ನು ದಿನಗಟ್ಟಲೆ ಉಗುರುಬೆಚ್ಚಗೆ ಇಟ್ಟುಕೊಂಡು ಬಳಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಅಂತಹ ನೀರಿನಲ್ಲಿ ಶ್ವಾಸಕೋಶದ ಸೋಂಕಿಗೆ ಕಾರಣವಾಗುವ ಲೀಜಿಯೊನೆಲ್ಲಾ ಎಂಬ ಸೂಕ್ಷ್ಮಜೀವಿ ಬೆಳೆಯಬಹುದು. ಸಂಗ್ರಹಿಸಿಡುವ ಬಿಸಿನೀರನ್ನು 60 ಡಿಗ್ರಿಯಲ್ಲಿ ಇಡಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಈ ಕಾರಣದಿಂದ ಬಂದದ್ದು. ದಿನವೂ ತೊಟ್ಟಿ ಬರಿದಾಗಿ ಹೊಸ ನೀರು ತುಂಬುವ ಮನೆಗಳಲ್ಲಿ ಈ ಭಯ ಕಡಿಮೆ. ಬಹುದಿನ ಬೀಗ ಹಾಕಿದ್ದ ಮನೆಗೆ ಮರಳಿದಾಗ ಮೊದಲ ತೊಟ್ಟಿಯನ್ನು ಪೂರ್ತಿ ಕಾಯಿಸಿ ಹೊರಬಿಡುವುದು ಲೇಸು.

ಇನ್ನೊಂದು ಬದಿಯ ಅಪಾಯವೂ ಇದೆ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು. ಮಕ್ಕಳು, ವೃದ್ಧರು ಇರುವ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಆ ಮೇಲೆ ಬಿಸಿನೀರು ಬಿಡುವುದನ್ನು ರೂಢಿಸಿಕೊಳ್ಳತಕ್ಕದ್ದು.

ಕೆಲವು ಗೀಸರ್‌ಗಳಲ್ಲಿ ಗುಂಡಿ ಹೊರಗೆ ಕಾಣುವುದಿಲ್ಲ. ಕೆಳಗಿನ ಮುಚ್ಚಳದ ಒಳಗೆ ಇರುತ್ತದೆ. ಅದನ್ನು ಗ್ರಾಹಕರು ತಾವೇ ತೆರೆಯಬಾರದು. ಸೇವಾ ತಂತ್ರಜ್ಞರು ಬಂದಾಗ ಎಷ್ಟು ಡಿಗ್ರಿಗೆ ಇಡಬೇಕೆಂದು ಹೇಳಿ ಮಾಡಿಸಿಕೊಳ್ಳುವುದು. ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಾಳಿಗೆಯ ತೊಟ್ಟಿಯ ನೀರೇ ಸಂಜೆ ಸ್ನಾನಕ್ಕೆ ಸಾಲುವಷ್ಟು ಬಿಸಿಯಾಗಿರುತ್ತದೆ. ಆ ತಿಂಗಳುಗಳಲ್ಲಿ ಗೀಸರ್‌ನ ಸ್ವಿಚ್ಚಿಗೆ ಕೈ ಹಾಕದಿದ್ದರೂ ನಡೆಯುತ್ತದೆ.

ಸೌರ ಜಲತಾಪಕ ಇರುವ ಮನೆಗಳು

ಹೊಸ ಕಟ್ಟಡಗಳಲ್ಲಿ ಸೌರ ಜಲತಾಪಕ ಅಳವಡಿಸುವ ಬಗ್ಗೆ ರಾಜ್ಯ ಸರ್ಕಾರವು 2007ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿತು. ಸೋಲಾರ್ ಎಂದೇ ಜನರು ಕರೆಯುವ ಈ ಸಾಧನದ ತೊಟ್ಟಿಯೊಳಗೆ ಮೋಡದ ದಿನಗಳಿಗೆಂದು ವಿದ್ಯುತ್ ಸುರುಳಿಯೂ ಇರುವುದುಂಟು. ಸೌರ ಸಾಧನವಿದ್ದೂ ಬಿಲ್ಲು ಇಳಿಯಲಿಲ್ಲವೆನ್ನುವವರು ಮೊದಲು ನೋಡಬೇಕಾದದ್ದು ಈ ಸುರುಳಿಯ ಸ್ವಿಚ್ಚನ್ನು. ಅದು ಸದಾ ಚಾಲೂ ಇದ್ದರೆ, ಬೆಳಗಿನ ಸ್ನಾನದ ನಂತರ ತುಂಬಿದ ತಣ್ಣೀರನ್ನು ಸೂರ್ಯ ಏರುವ ಮೊದಲೇ ವಿದ್ಯುತ್ತು ಕಾಯಿಸಿಬಿಡುತ್ತದೆ. ಆ ಮೇಲೆ ಬಿಸಿಲಿಗೆ ಮಾಡಲು ಕೆಲಸ ಉಳಿಯುವುದಿಲ್ಲ. 100 ಲೀಟರ್ ತೊಟ್ಟಿಯನ್ನು 20ರಿಂದ 60 ಡಿಗ್ರಿಗೆ ಒಮ್ಮೆ ಕಾಯಿಸಿದರೆ 4.65 ಯೂನಿಟ್ ಖರ್ಚು. ಗೀಸರ್‌ಗಿಂತ ಸೋಲಾರೇ ದುಬಾರಿಯಾಗುವ ವಿಚಿತ್ರ ಸ್ಥಿತಿ ಇದು.

ಆದುದರಿಂದ ಈ ಸುರುಳಿಯನ್ನು ಮೋಡ ಕವಿದ ದಿನದ ಮಾರನೆಯ ಬೆಳಿಗ್ಗೆ, ನೀರನ್ನು ಕೈಯಿಂದ ಮುಟ್ಟಿ ನೋಡಿದ ನಂತರ, ಬೇಕಾದಷ್ಟು ಹೊತ್ತು ಮಾತ್ರ ಹಾಕತಕ್ಕದ್ದು. 2 ಕಿಲೋವ್ಯಾಟ್ ಸುರುಳಿಗೆ ಅರ್ಧ ಗಂಟೆ ಎಂದರೆ ಒಂದು ಯೂನಿಟ್. ಕಬ್ಬಿನ ಹಂಗಾಮಿನಲ್ಲಿ ರವದಿ ಸುಟ್ಟ ಬೂದಿ ಹಾಗೂ ಕಬ್ಬಿನ ಗಾಡಿಗಳ ಧೂಳು ಗಾಜಿನ ಮೇಲೆ ಕೂರುವುದರಿಂದ, ವಾರಕ್ಕೊಮ್ಮೆ ಬೆಳಿಗ್ಗೆ ಗಾಜು ತಣ್ಣಗಿರುವಾಗಲೇ ಒರೆಸುವುದು ಅವಶ್ಯ. ಕಾದ ಗಾಜಿಗೆ ತಣ್ಣೀರು ಸುರಿದರೆ ಅದು ಸೀಳಬಹುದು.

ಇತರ ಸಾಧನಗಳು

ತತ್‌ಕ್ಷಣ ಬಿಸಿನೀರು ಕೊಡುವ 3 ಕಿಲೋವ್ಯಾಟ್‌ನ ಸಣ್ಣ ಗೀಸರ್‌ನಲ್ಲಿ ನಿಂತ ನೀರಿನ ನಷ್ಟ ಅತ್ಯಲ್ಪ. ಆದರೆ ಅದು 13 ಆಂಪಿಯರ್ ಎಳೆಯುವುದರಿಂದ ಹಳೆಯ ತೆಳುವಾದ ತಂತಿಗಳಿಗೆ ಯೋಗ್ಯವಲ್ಲ. ಬಕೆಟ್ಟಿನಲ್ಲಿ ಇಳಿಬಿಡುವ ರಾಡಿಗೆ ಸಾಮಾನ್ಯವಾಗಿ ಉಷ್ಣತಾ ನಿಯಂತ್ರಕವೇ ಇರುವುದಿಲ್ಲ. ಅದು ತಾನಾಗಿ ನಿಲ್ಲುವುದಿಲ್ಲ. ಚಾಲೂ ಇರುವಾಗ ನೀರನ್ನು ಮುಟ್ಟಿ ನೋಡುವುದು ಪ್ರಾಣಾಪಾಯಕ್ಕೆ ಆಹ್ವಾನ. ಗ್ಯಾಸ್ ಗೀಸರನ್ನು ಗಾಳಿಯಾಡದ ಸ್ನಾನದ ಮನೆಯೊಳಗೆ ಅಳವಡಿಸತಕ್ಕದ್ದಲ್ಲ. ಅದರಿಂದ ಉತ್ಪತ್ತಿಯಾಗಬಹುದಾದ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆ ಇಲ್ಲ.

ಮಾಪಕದಲ್ಲಿ ಪರಿಶೀಲನೆ ಮತ್ತು ಅರ್ಜಿ

ಗೀಸರ್ ಎಷ್ಟು ಎಳೆಯುತ್ತದೆ ಎಂಬುದನ್ನು ಗ್ರಾಹಕರು ತಮ್ಮ ಮಾಪಕದಲ್ಲಿಯೇ ನೋಡಬಹುದು. ಮಾಪಕದ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂಬ ಸಂಖ್ಯೆ ಮುದ್ರಿತವಾಗಿರುತ್ತದೆ. ಉಳಿದ ಎಲ್ಲ ಸಾಧನಗಳನ್ನು ಬಂದ್ ಮಾಡಿ ಗೀಸರ್ ಒಂದನ್ನೇ ಚಾಲೂ ಇಟ್ಟು, ಕೆಂಪು ಸಣ್ಣ ದೀಪ ನಿಮಿಷಕ್ಕೆ ಎಷ್ಟು ಸಲ ಮಿನುಗುತ್ತದೆಂದು ಎಣಿಸಬೇಕು. ಸಂಖ್ಯೆ 1600 ಎಂದಿದ್ದರೆ 2 ಕಿಲೋವ್ಯಾಟ್ ಗೀಸರ್‌ಗೆ ನಿಮಿಷಕ್ಕೆ ಸುಮಾರು 53 ಮಿನುಗು ಬರಬೇಕು. ಅಷ್ಟೇ ಬಂದರೆ ಮಾಪಕ ಸರಿಯಾಗಿದೆ ಎಂದು ಬಹುಮಟ್ಟಿಗೆ ನಂಬಬಹುದು. ಎಲ್ಲವನ್ನೂ ಬಂದ್ ಮಾಡಿದ ನಂತರವೂ ದೀಪ ಮಿನುಗುತ್ತಿದ್ದರೆ ಮನೆಯ ತಂತಿಜೋಡಣೆಯಲ್ಲಿ ಸೋರಿಕೆ ಇರುವ ಸಂಭವವಿದ್ದು, ವಿದ್ಯುತ್ ಗುತ್ತಿಗೆದಾರರಿಂದ ತಪಾಸಣೆ ಮಾಡಿಸುವುದು. ಗೀಸರ್ ಚಾಲೂ ಮಾಡಿ ಒಂದೂವರೆ ಗಂಟೆಯಾದರೂ, ಯಾರೂ ನೀರು ಬಳಸದಿದ್ದರೂ ಅದರ ದೀಪ ಆರದಿದ್ದರೆ ನಿಯಂತ್ರಕ ಕೆಟ್ಟಿದೆ ಅಥವಾ ಸುರುಳಿಗೆ ದಪ್ಪನೆಯ ಸುಣ್ಣ ಕಟ್ಟಿದೆ. ಅದನ್ನು ದುರಸ್ತಿ ಮಾಡಿಸುವವರೆಗೆ ಬಳಸತಕ್ಕದ್ದಲ್ಲ.

ಪ್ರತಿ ತಿಂಗಳು ಮಾಪಕ ಓದುವ ದಿನಾಂಕ ಬಿಲ್ಲಿನಲ್ಲಿರುತ್ತದೆ. ಆ ದಿನದಿಂದ 15 ದಿನಗಳಾದಾಗ ಒಮ್ಮೆ ಮಾಪಕವನ್ನು ನೋಡಿ 100 ಯೂನಿಟ್ ದಾಟಿದೆಯೇ ಎಂದು ತಿಳಿದುಕೊಂಡರೆ, ಉಳಿದ ಅರ್ಧ ತಿಂಗಳಿನಲ್ಲಿ ಬಳಕೆಯನ್ನು ಸರಿಹೊಂದಿಸಲು ಕಾಲಾವಕಾಶ ಸಿಗುತ್ತದೆ. ಬಿಲ್ಲು ಬಂದ ಮೇಲೆ ಅದು ಸಾಧ್ಯವಿಲ್ಲ.

ಹೊಸದಾಗಿ ಗೀಸರ್ ಅಳವಡಿಸುವವರು ತಮ್ಮ ಸ್ಥಾವರಕ್ಕೆ ಮಂಜೂರಾದ ವಿದ್ಯುತ್ ಭಾರವನ್ನು ಬಿಲ್ಲಿನಲ್ಲಿ ನೋಡಿಕೊಳ್ಳತಕ್ಕದ್ದು. 1 ಕಿಲೋವ್ಯಾಟ್ ಮಂಜೂರಾತಿಯ ಮನೆಗೆ 2 ಕಿಲೋವ್ಯಾಟ್ ಗೀಸರ್ ಸೇರಿಸುವುದಾದರೆ ಹೆಚ್ಚುವರಿ ಭಾರಕ್ಕೆ ಅರ್ಜಿ ಸಲ್ಲಿಸುವುದು ಅವಶ್ಯ. ಗೃಹ ಜ್ಯೋತಿ ನೋಂದಣಿಯು ಸೇವಾ ಸಿಂಧು ಮೂಲಕ ನಡೆಯುತ್ತದೆ. ಬಾಡಿಗೆ ಮನೆ ಬದಲಿಸಿದವರು ಹಳೆಯ ಮನೆಯ ಆರ್.ಆರ್. ಸಂಖ್ಯೆಯಿಂದ ತಮ್ಮ ಆಧಾರ್ ಜೋಡಣೆಯನ್ನು ಮೊದಲು ರದ್ದುಪಡಿಸಿಕೊಂಡು ನಂತರ ಹೊಸ ಮನೆಗೆ ನೋಂದಾಯಿಸಿಕೊಳ್ಳಬೇಕು. ಈ ಸೌಲಭ್ಯವನ್ನು 2024ರಲ್ಲಿ ಕಲ್ಪಿಸಲಾಯಿತು.

ಮೇಲಿನ ಪರಿಶೀಲನೆಯ ನಂತರವೂ ಮಾಪಕದ ಬಗ್ಗೆ ಸಂದೇಹ ಉಳಿದಲ್ಲಿ, ಆರ್.ಆರ್. ಸಂಖ್ಯೆ, ಇತ್ತೀಚಿನ ಬಿಲ್ಲಿನ ಪ್ರತಿ ಹಾಗೂ ತಾವು ಬರೆದಿಟ್ಟುಕೊಂಡ ಅಂಕಿಗಳೊಂದಿಗೆ ಸಂಬಂಧಪಟ್ಟ ಹೆಸ್ಕಾಂ ಉಪವಿಭಾಗ ಕಚೇರಿಗೆ, ನಿಗದಿತ ಶುಲ್ಕ ಪಾವತಿಸಿ ಮಾಪಕ ಪರೀಕ್ಷೆಗೆ ಅರ್ಜಿ ಸಲ್ಲಿಸಬಹುದು. ದೂರವಾಣಿ ಮೂಲಕ ದೂರು ದಾಖಲಿಸಲು 1912 ಸಂಖ್ಯೆಗೆ ಕರೆ ಮಾಡಬಹುದು. ಹುಕ್ಕೇರಿ ತಾಲ್ಲೂಕಿನ ಗ್ರಾಹಕರಿಗೆ ಅಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ವಿದ್ಯುತ್ ಪೂರೈಸುವುದರಿಂದ, ಅವರು ತಮ್ಮ ಅರ್ಜಿಗಳನ್ನು ಸದರಿ ಸಂಘದ ಕಚೇರಿಗೆ ಸಲ್ಲಿಸತಕ್ಕದ್ದು.